ಹೋಮ್‌ವರ್ಕ್ ಮುಗೀತಾ ಅಂತ ಕೇಳಬೇಡಿ

ಕೆ.ಜಿ.ಎಫ್‌ನಿಂದ ದಿನಾ ಬೆಂಗಳೂರಿಗೆ ಹೋಗಿಬರುವ ಅಪ್ಪ ಅಮ್ಮಂದಿರಿಗೆ,



ರಾತ್ರಿ ಟ್ರೇನ್ ಇಳಿದು ಚರ್ಚ್ ಹಾಲ್‌ನಿಂದ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದಾಗ ಗೇಟಿನ ಹತ್ತಿರ ನೀವೆಲ್ಲ ಕೇಳುವುದು ಒಂದೇ ಮಾತು: "ಹೋಮ್‌ವರ್ಕ್ ಮುಗೀತಾಮ್ಮಾ?" ಮುಗೀತು ಅಂದರೆ ನೆಮ್ಮದಿ. ಇಲ್ಲ ಅಂದರೆ ಮಗುವಿಗೆ ದಾರಿಯುದ್ದಕ್ಕೂ ಬೈಗುಳ. ಆ ಪ್ರಶ್ನೆಯನ್ನು ದಯವಿಟ್ಟು ಬಿಟ್ಟುಬಿಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಯಾಕೆ ಎಂಬುದನ್ನು ಗೇಟಿನಲ್ಲಿ ನಿಂತು ಹೇಳಲಾಗುವುದಿಲ್ಲ. ನೀವು ಕತ್ತಲಲ್ಲಿ ಎದ್ದು ಹೋಗಿ ಕತ್ತಲಲ್ಲೇ ಬಂದವರು, ನಿಂತುಕೊಳ್ಳಲೂ ತ್ರಾಣವಿರುವುದಿಲ್ಲ. ನನಗೂ ಮನೆಗೆ ಹೋಗಿ ಕೆಮಿಸ್ಟ್ರಿ ಓದುವುದಿರುತ್ತದೆ. ಅದಕ್ಕೇ ಬರೆದು, ಫಾದರ್ ಅವರ ಒಪ್ಪಿಗೆ ಪಡೆದು, ಹಾಲ್‌ನ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಕನ್ನಡ ಓದಲು ಬಾರದವರು ಮನೆಯಲ್ಲಿ ಓದಬಲ್ಲ ಮಕ್ಕಳಿದ್ದರೆ ಅವರಿಂದ ಓದಿಸಿಕೊಳ್ಳಿ.

ನಾನು ಸೆಕೆಂಡ್ ಪಿಯುಸಿ ಹುಡುಗಿ. ನಿಮ್ಮಲ್ಲಿ ಅರ್ಧ ಜನಕ್ಕೆ ನನ್ನ ಮುಖ ಪರಿಚಯ, ಉಳಿದವರಿಗೆ ನನ್ನ ಅಪ್ಪನ ಪರಿಚಯ. ಅವರೂ ನಿಮ್ಮ ಹಾಗೆಯೇ ಸೀಸನ್ ಟಿಕೆಟಿನವರು. ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯುವ ಕಥೆ ಹೇಳುತ್ತಿದ್ದರು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ, 2001ರ ಫೆಬ್ರವರಿ 28ಕ್ಕೆ, ಗಣಿ ಮುಚ್ಚಿತು. ನಮ್ಮ ಕಾಲಕ್ಕೆ ಊರಿನಲ್ಲಿ ಉಳಿದದ್ದು ಗಣಿಯ ಕಸದ ಸೈನೈಡ್ ಗುಡ್ಡ, ಗಣಿ ಕಾರ್ಮಿಕರ ಲೈನ್ ಮನೆಗಳು, ಬೆಳಗಿನ ಟ್ರೇನು. ಮಾರಿಕುಪ್ಪಂನಲ್ಲಿ ಹತ್ತಿದರೆ ಬೆಂಗಳೂರು ಹೆಚ್ಚುಕಮ್ಮಿ ತೊಂಬತ್ತು ಕಿಲೋಮೀಟರು, ವಾಪಸ್ ಅಷ್ಟೇ. ಶಾಲೆ ಸಂಜೆ ನಾಲ್ಕಕ್ಕೆ ಬಿಡುತ್ತದೆ, ನೀವು ಬರುವುದು ಎಂಟಕ್ಕೋ ಒಂಬತ್ತಕ್ಕೋ. ನಡುವಿನ ಆ ಹೊತ್ತಿಗಾಗಿಯೇ ಸಿಸ್ಟರ್ ಈ ಹಾಲ್ ತೆರೆದದ್ದು. ಪಿಯುಸಿ, ಡಿಗ್ರಿಯ ನಾವು ಕೆಲವರು ಪಾಠ ಹೇಳುತ್ತೇವೆ. ಮಕ್ಕಳು ನಮ್ಮನ್ನು ಮಿಸ್ ಅನ್ನುವುದಿಲ್ಲ, ಅಕ್ಕ ಅಣ್ಣ ಅನ್ನುತ್ತಾರೆ. (1902ರಲ್ಲೇ, ಬೆಂಗಳೂರಿಗಿಂತ ಮೊದಲು, ಶಿವನಸಮುದ್ರದ ಕರೆಂಟ್ ಕಂಡ ಊರು ನಮ್ಮದು ಎಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಸಂಜೆ ಪಾಠದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಹಿಡಿದುಕೊಂಡು ನಾನೂ ಅದನ್ನೇ ನೆನೆಸಿಕೊಳ್ಳುತ್ತೇನೆ.)

ವಿಷಯಕ್ಕೆ ಬರುತ್ತೇನೆ. ನಮ್ಮ ಹಾಲ್‌ಗೆ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಬರುತ್ತಾನೆ. ಹೆಸರು ಹೇಳುವುದಿಲ್ಲ, ಅವನೊಬ್ಬನ ಕಥೆಯೂ ಅಲ್ಲ ಇದು. ಅವನ ಕನ್ನಡ ನೋಟ್‌ಬುಕ್ ನೋಡಿದರೆ ನೀವು ಮೆಚ್ಚಿಕೊಳ್ಳುತ್ತೀರಿ. ಕೆಂಪು ಪೆನ್ನಿನಲ್ಲಿ ಮಾರ್ಜಿನ್, ಪಾಠದ ಹೆಸರಿನ ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ, ಮುತ್ತಿನಂಥ ಅಕ್ಷರ, ಪುಟದ ಕೊನೆಗೆ ಟೀಚರ್ ಹಾಕಿದ 'ಗುಡ್'. ಒಂದು ಸಂಜೆ ಹೋಮ್‌ವರ್ಕ್ ಬೇಗ ಮುಗಿಯಿತು. ಬರೆದದ್ದನ್ನು ಒಂದ್ಸಲ ಓದಪ್ಪಾ ಎಂದೆ. ಗಡಗಡ ಓದಿದ. ಆದರೆ ಬಾಯಿ ಪ್ಯಾರಾದ ಕೊನೆ ಮುಟ್ಟಿದಾಗ ಬೆರಳು ಇನ್ನೂ ಎರಡನೇ ಸಾಲಿನಲ್ಲಿತ್ತು. ಮೇಲಿನ ಕೆಳಗಿನ ಸಾಲುಗಳನ್ನೂ ಅಕ್ಕಪಕ್ಕದ ಪದಗಳನ್ನೂ ಮುಚ್ಚಿ ಒಂದೇ ಒಂದು ಪದ ಕಾಣುವ ಹಾಗೆ ಮಾಡಿದೆ. 'ಮರದ' ಎಂಬ ಪದ. ಸುಮ್ಮನಾದ. ನನ್ನ ಮುಖ ನೋಡಿದ. ಆಮೇಲೆ ಪಠ್ಯಪುಸ್ತಕದಲ್ಲಿ ಆ ಪಾಠದ ಚಿತ್ರವನ್ನು ಓರೆಗಣ್ಣಿನಿಂದ ನೋಡಿ, "ಕಾಡು?" ಎಂದ.

ಬುದ್ಧಿವಂತ ಹುಡುಗ, ನೋಡಿ. ಚಿತ್ರದಿಂದ ಊಹಿಸಿದ, ಊಹೆ ತೀರಾ ದೂರವೂ ಹೋಗಿಲ್ಲ. ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗುವುದನ್ನು ಕೇಳಿ ಕೇಳಿ ಪಾಠ ಅವನಿಗೆ ಬಾಯಿಪಾಠವಾಗಿದೆ. ಬೋರ್ಡ್ ಮೇಲಿನದನ್ನು ರಂಗೋಲಿ ಬಿಡಿಸಿದ ಹಾಗೆ ನೋಡಿಕೊಂಡು ಬಿಡಿಸುತ್ತಾನೆ. ಮೂರು ಅಕ್ಷರದ, ಒಂದೂ ಕೊಂಬಿಲ್ಲದ, ಒತ್ತಿಲ್ಲದ ಪದವನ್ನು ಓದಲು ಬರುವುದಿಲ್ಲ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವನ ಹೋಮ್‌ವರ್ಕ್ ಒಂದು ದಿನವೂ ಬಾಕಿ ಉಳಿದಿಲ್ಲ.

ಈ ಹಾಲ್‌ನಲ್ಲಿ ಹೋಮ್‌ವರ್ಕ್ ಹೇಗೆ ಮುಗಿಯುತ್ತಿತ್ತು ಎಂಬುದನ್ನೂ ನೀವು ತಿಳಿದುಕೊಳ್ಳಬೇಕು. ಒಂದು ಚಾಪೆಯ ಸುತ್ತ ಆರೇಳು ಮಕ್ಕಳು, ಒಬ್ಬ ಅಕ್ಕ ಅಥವಾ ಅಣ್ಣ. ಒಬ್ಬೊಬ್ಬರದು ಒಂದೊಂದು ಶಾಲೆ, ಒಂದೊಂದು ಕ್ಲಾಸು. ಕೆಲವರದು ಇಂಗ್ಲಿಷ್ ಮೀಡಿಯಂ, ಕೆಲವರದು ಕನ್ನಡ. ಮನೆಯಲ್ಲಿ ಹೆಚ್ಚಿನವರದು ತಮಿಳು, ಕೆಲವರದು ಉರ್ದು, ತೆಲುಗು. 'ಪ್ರಶ್ನೆಗಳಿಗೆ ಉತ್ತರ ಬರೆಯಿರಿ' ಎಂದಿರುತ್ತದೆ. ಅಕ್ಕ ಪಾಠದಲ್ಲಿ ಉತ್ತರ ಹುಡುಕಿ ಪೆನ್ಸಿಲಿನಲ್ಲಿ ಬ್ರಾಕೆಟ್ ಹಾಕುತ್ತಾಳೆ, ಇಲ್ಲಿಂದ ಇಲ್ಲಿಗೆ ಎಂದು. ಮಗು ಅದನ್ನು ಇಳಿಸಿಕೊಳ್ಳುತ್ತದೆ. ಅಷ್ಟರಲ್ಲಿ ಪಕ್ಕದ ಮಗುವಿಗೆ ಬ್ರಾಕೆಟ್. ಸಮಯ ಸಾಲದಿದ್ದರೆ ಬ್ರಾಕೆಟ್ ಕೂಡ ಇಲ್ಲ, ಗೈಡ್ ತೆರೆದು ಮುಂದಿಡುವುದು. ಏಳೂವರೆಗೆ ಎಲ್ಲರದೂ ಮುಗಿದಿರುತ್ತದೆ. ನಿಮಗೂ ಸಮಾಧಾನ, ಮರುದಿನ ಶಾಲೆಗೂ ಸಮಾಧಾನ. ಮಗು ಅದರಲ್ಲಿ ಒಂದು ಪದವನ್ನೂ ಓದಿರುವುದಿಲ್ಲ.

ದಸರಾ ರಜೆ ಕಳೆದ ಮೇಲೆ ಸಿಸ್ಟರ್ ಜೊತೆ ಕೂತು ಒಂದು ಹಾಳೆ ಮಾಡಿಕೊಂಡೆವು. ಮೊದಲು ಬಿಡಿ ಅಕ್ಷರಗಳು, ಆಮೇಲೆ ಎರಡು ಮೂರು ಅಕ್ಷರದ ಪದಗಳು, ಆಮೇಲೆ ನಾಲ್ಕು ಸುಲಭದ ಸಾಲು, ಕೊನೆಗೆ ಪುಟ್ಟ ಕಥೆ. ಇದು ನಮ್ಮ ಸ್ವಂತ ಬುದ್ಧಿಯಲ್ಲ. 'ಪ್ರಥಮ್' ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು ನೋಡುವ 'ಅಸರ್' ಸಮೀಕ್ಷೆಯ ಕ್ರಮ ಇದೇ. ಒಬ್ಬೊಬ್ಬ ಮಗುವನ್ನೂ ಹೊರಗೆ ವರಾಂಡದಲ್ಲಿ ಬೇರೆಯಾಗಿ ಕೂರಿಸಿ ಓದಿಸಿದೆವು. ನಾಲ್ಕು, ಐದನೇ ಕ್ಲಾಸಿನವರಲ್ಲಿ ಕಥೆಯವರೆಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ನಿಮ್ಮ ಮಕ್ಕಳಷ್ಟೇ ಹೀಗೆ ಎಂದು ತಲೆ ತಗ್ಗಿಸಬೇಡಿ. 2024ರ ಅಸರ್ ಪ್ರಕಾರ ಹಳ್ಳಿಗಾಡಿನ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ನೂರಕ್ಕೆ 48.8, ಅಂದರೆ ಅರ್ಧದಷ್ಟೂ ಇಲ್ಲ. ಮೂರನೇ ಕ್ಲಾಸಿನಲ್ಲಿ 27.1. ನಮ್ಮದು ಹಳ್ಳಿಯಲ್ಲ, ಆದರೆ ನಮ್ಮ ವರಾಂಡದಲ್ಲಿ ಕಂಡದ್ದು ಅದಕ್ಕಿಂತ ಬೇರೆಯಾಗಿರಲಿಲ್ಲ.

ಅಂದಿನಿಂದ ಮಕ್ಕಳನ್ನು ಕ್ಲಾಸಿನ ಪ್ರಕಾರ ಕೂರಿಸುವುದನ್ನು ನಿಲ್ಲಿಸಿದೆವು. ಎಷ್ಟು ಓದಬಲ್ಲರೋ ಅದರ ಮೇಲೆ ಗುಂಪು. ಗುಂಪುಗಳಿಗೆ ಹೆಸರಿಟ್ಟವರು ಮಕ್ಕಳೇ. ಅಕ್ಷರದವರು ಮಾರಿಕುಪ್ಪಂ, ಪದದವರು ಚಾಂಪಿಯನ್, ಸಾಲಿನವರು ಊರಿಗಾಂ, ಕಥೆಯವರು ಕೋರಮಂಡಲ್. ಎಲ್ಲ ನಿಮ್ಮ ಟ್ರೇನಿನ ಸ್ಟೇಷನ್ನುಗಳು. ಪಠ್ಯಪುಸ್ತಕವಲ್ಲದ ಬೇರೆ ಯಾವುದಾದರೂ ಪುಸ್ತಕವನ್ನು ತಾನೇ ಆರಿಸಿ ಓದಿ ಮುಗಿಸಿದವರು ಬಂಗಾರಪೇಟೆ. ಅಲ್ಲಿಂದ ಎಲ್ಲಿಗೆ ಬೇಕಾದರೂ ಟ್ರೇನ್ ಸಿಗುತ್ತದಲ್ಲ ಅಕ್ಕಾ, ಎಂದ ಒಬ್ಬ ತರಲೆ.

ಇದಾದ ಮೇಲೆ ನಿಮ್ಮಲ್ಲಿ ಕೆಲವರು ಸಿಸ್ಟರ್ ಹತ್ತಿರ ದೂರು ಒಯ್ದಿರಿ. ಐದನೇ ಕ್ಲಾಸಿನ ಹುಡುಗಿಯನ್ನು ಎರಡನೇ ಕ್ಲಾಸಿನ ಚಿಳ್ಳೆಪಿಳ್ಳೆಗಳ ಜೊತೆ ಕೂರಿಸಿದ್ದಾರೆ, ಅವಮಾನ ಎಂದು. ಆ ಹುಡುಗಿ ಮೊದಲ ವಾರ ಮುಖ ಊದಿಸಿಕೊಂಡೇ ಇದ್ದಳು, ನಿಜ. ಆದರೆ ಅವಳು ನಾಚಿಕೆ ಪಡುತ್ತಿದ್ದದ್ದು ಅದಕ್ಕಿಂತ ಹೆಚ್ಚಾಗಿ ಶಾಲೆಯಲ್ಲಿ. ಎದ್ದು ನಿಂತು ಓದು ಎಂದಾಗ ಬಾಯಿ ಬಿಡಲಾಗದೆ. ಈಗ ಪದ ಬರೆದ ಮಿಂಚುಪಟ್ಟಿಗಳ ಡಬ್ಬ ಅವಳ ಕೈಯಲ್ಲಿ. ಕಾರ್ಡು ಎತ್ತಿ ತೋರಿಸಿ ಚಿಕ್ಕವರಿಂದ ಓದಿಸುವವಳು ಅವಳೇ, ತಪ್ಪಿದರೆ ಗದರಿಸುವವಳೂ ಅವಳೇ. ನನಗಿಂತ ಜೋರು.

ಸಂಜೆ ಓದಿಗೆಂದು ಇಟ್ಟ ನಲವತ್ತು ನಿಮಿಷ ನಾವು ಮಾಡುವುದು ಏನೂ ದೊಡ್ಡ ವಿದ್ಯೆಯಲ್ಲ. ಕಾಗುಣಿತದ ಚಾರ್ಟಿನ ಮೇಲೆ ಬೆರಳಿಟ್ಟು ಅಡ್ಡಕ್ಕೂ ಉದ್ದಕ್ಕೂ ಓದಿಸುತ್ತೇವೆ. ಅಕ್ಷರದ ಕಾರ್ಡುಗಳನ್ನು ನೆಲದ ಮೇಲೆ ಚೆಲ್ಲಿ ಪದ ಜೋಡಿಸುತ್ತೇವೆ. ಒಂದು ಸಣ್ಣ ಕಥೆಯನ್ನು ಮೊದಲು ನಾವು ಓದಿ, ಆಮೇಲೆ ಎಲ್ಲರೂ ಸೇರಿ ಓದಿ, ಆಮೇಲೆ ಒಬ್ಬೊಬ್ಬರಾಗಿ ಓದುತ್ತೇವೆ. ಕಥೆಗೆ ದುಡ್ಡಿಲ್ಲ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ತೆಗೆಸುವ ಖರ್ಚು ಮಾತ್ರ. ಓದಿದ ಮೇಲೆ ಆ ಕಥೆಯನ್ನು ಮಗು ತನ್ನ ಮನೆಮಾತಿನಲ್ಲಿ ಹೇಳಬೇಕು, ತಮಿಳೋ ಉರ್ದುವೋ ತೆಲುಗೋ. ಬಾಯಿಪಾಠ ಒಪ್ಪಿಸಿದ ಮಗು ಇಲ್ಲಿ ಸಿಕ್ಕಿಬೀಳುತ್ತದೆ, ಅರ್ಥ ಮಾಡಿಕೊಂಡ ಮಗು ಕಥೆಗೆ ಇನ್ನಷ್ಟು ಸೇರಿಸಿಯೇ ಹೇಳುತ್ತದೆ.

"ನನ್ನ ಮಗಳಿಗೆ ಅ ಆ ಇ ಈಯೇ ಸರಿಯಾಗಿ ಬರಲ್ಲ, ಸರ್ಕಾರಿ ಶಾಲೆಯಲ್ಲಿ ಏನೂ ಹೇಳಿಕೊಡಲ್ಲ" ಎಂದು ಒಬ್ಬ ಅಮ್ಮ ಹೇಳಿದಿರಿ. ಸ್ವಲ್ಪ ತಡೆಯಿರಿ. ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿ. 1995ರ ಸುಮಾರಿಗೆ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ್ದು. ಅದರಲ್ಲಿ ಅಕ್ಷರ ಕಲಿಸುವುದು ಅ ಆ ಇ ಈಯಿಂದಲ್ಲ, ರ ಗ ಸ ದ ಅ ಇಂದ. ಬರೆಯಲು ಸುಲಭವಾದವು ಮೊದಲು, ಬೇಗ ಪದ ಕಟ್ಟಬಹುದಾದವು ಮೊದಲು. ನಿಮ್ಮ ಮಗಳಿಗೆ ವರ್ಣಮಾಲೆ ಸಾಲಾಗಿ ಹೇಳಲು ಬಾರದೆ ಇರಬಹುದು, 'ಸರ', 'ಗರಗಸ' ಓದುತ್ತಾಳೆ. ಅ ಆ ಇ ಈ ಪಟಪಟ ಒಪ್ಪಿಸಿ 'ಸರ' ಓದಲಾರದ ಕಾನ್ವೆಂಟ್ ಮಕ್ಕಳೂ ನಮ್ಮಲ್ಲಿದ್ದಾರೆ. ಫೀಸು ಎಷ್ಟು ಕಟ್ಟುತ್ತೀರಿ ಎಂದು ಮಾತ್ರ ನಾನು ಕೇಳುವುದಿಲ್ಲ.

ತಮಿಳು ಓದಬಲ್ಲ ಅಮ್ಮಂದಿರಿಗೆ ಒಂದು ಮಾತು. ತಮಿಳಿನಲ್ಲಿ ಅಕ್ಷರಗಳು ಪಕ್ಕಪಕ್ಕ ನಿಲ್ಲುತ್ತವೆ, ತಲೆ ಮೇಲೆ ಚುಕ್ಕಿ ಇಟ್ಟರೆ ಆಯಿತು. ಕನ್ನಡದಲ್ಲಿ ಒಂದು ಅಕ್ಷರ ಇನ್ನೊಂದರ ಕಾಲಡಿಗೆ ಹೋಗಿ ಕೂರುತ್ತದೆ, ಕೆಲವು ಅಲ್ಲಿ ರೂಪವನ್ನೇ ಬದಲಿಸುತ್ತವೆ. ಕ ಒಂದರ ಜಾಗದಲ್ಲಿ ಕ ಖ ಗ ಘ ನಾಲ್ಕು. 'ಸೂರ್ಯ' ಬರೆಯುವಾಗ ಅರ್ಕಾವೊತ್ತು ಯ ಆದ ಮೇಲೆ ಬರುತ್ತದೆ, ಓದುವಾಗ ಯಕ್ಕಿಂತ ಮೊದಲು. 'ಸೂಯರ್' ಎಂದು ಓದುವ ಮಗು ಕಣ್ಣಿಗೆ ಕಂಡದ್ದನ್ನು ಕಂಡ ಕ್ರಮದಲ್ಲಿ ಓದಿದೆ, ಅಷ್ಟೇ. ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡದೆ ತಾನಾಗಿ ಬರುವುದಿಲ್ಲ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಯಾವ ಟೀಚರ್ ಪಕ್ಕದಲ್ಲಿ ಕೂರಲು ಸಾಧ್ಯ? ನಾವು ಕೂರಬಹುದು. ಆದರೆ ಬ್ರಾಕೆಟ್ ಹಾಕುವುದರಲ್ಲೇ ಸಂಜೆ ಕಳೆದರೆ ಯಾವಾಗ ಕೂರುವುದು?

ಲೆಕ್ಕದ್ದೂ ಇದೇ ಪಾಡು, ಬೇಗ ಹೇಳಿ ಮುಗಿಸುತ್ತೇನೆ. 52ರಲ್ಲಿ 17 ಕಳೆ ಎಂದರೆ ಬಹಳ ಮಕ್ಕಳು 45 ಬರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಆದ್ದರಿಂದ ಏಳರಲ್ಲಿ ಎರಡು ಕಳೆದುಬಿಡುತ್ತಾರೆ. ಹೀಗೆ ಬರೆಯುವ ಒಬ್ಬಳು ಆಂಡರ್ಸನ್‌ಪೇಟೆಯಲ್ಲಿ ತನ್ನ ಅಜ್ಜಿಯ ಪೆಟ್ಟಿಗೆ ಅಂಗಡಿಯಲ್ಲಿ ಕೂರುತ್ತಾಳೆ. ನಾನೇ ಹದಿನೇಳು ರೂಪಾಯಿ ಸಾಮಾನು ಕೊಂಡು ಐವತ್ತೆರಡು ಕೊಟ್ಟೆ. ಯಾಕಕ್ಕಾ ಚಿಲ್ಲರೆ ಎರಡು ರೂಪಾಯಿ ಸೇರಿಸಿ ಕೊಟ್ಟಿರಿ ಎಂದು ಕೇಳಲೂ ಇಲ್ಲ. ಮೂವತ್ತೈದು ಎಣಿಸಿ ಕೈಗಿಟ್ಟಳು. ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳಲ್ಲೂ ಇದೇ ಕಂಡಿತೆಂದು 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿದೆ, ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅದನ್ನು ಬರೆದವರಲ್ಲಿದ್ದಾರೆ: ಬಾಯಲ್ಲಿ ದೊಡ್ಡ ಲೆಕ್ಕ ಮಾಡುವ ಮಕ್ಕಳು ಕಾಗದದ ಮೇಲೆ ಸಣ್ಣದಕ್ಕೆ ತಡವರಿಸುತ್ತಾರೆ, ಶಾಲೆಯ ಮಕ್ಕಳು ಅಂಗಡಿ ಲೆಕ್ಕಕ್ಕೆ. ಆದ್ದರಿಂದ ಈಗ ನಮ್ಮ ಹಾಲ್‌ನಲ್ಲಿ ರಟ್ಟಿನ ನೋಟುಗಳಿವೆ. ಹತ್ತರ ನೋಟು ಮುರಿಸಿ ಒಂದರ ಹತ್ತು ನಾಣ್ಯ ಮಾಡಿಕೊಂಡರೆ ಎರಡರಲ್ಲಿ ಏಳು ಹೋಗುವುದು ಹೇಗೆಂದು ಕೈಗೇ ತಿಳಿಯುತ್ತದೆ.

ನೀವೇ ಇನ್ನೂ ಹುಡುಗರು, ನಿಮಗೇನು ಗೊತ್ತು ಎಂದು ಒಬ್ಬ ಅಣ್ಣ ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ 'ಬಾಲಸಖಿ' ಎಂದು ಒಂದು ಕೆಲಸ ನಡೆಸಿತ್ತು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಕಲಿಸಿದವರು ಅದೇ ಬಡಾವಣೆಗಳ ಹುಡುಗಿಯರು. ಹೈಸ್ಕೂಲು ಮುಗಿಸಿದವರು, ಬಿ.ಎಡ್. ಮಾಡಿದವರಲ್ಲ. ಮಕ್ಕಳು ಚೆನ್ನಾಗಿ ಕಲಿತರೆಂದು 2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು.

ಇಂಥದೇ ಇನ್ನೊಂದು ಕಥೆಯನ್ನು ಫಾದರ್ ಹೇಳಿದರು, ನನಗೆ ತುಂಬ ಇಷ್ಟವಾದದ್ದು. ಇಟಲಿಯ ಫ್ಲಾರೆನ್ಸ್ ಹತ್ತಿರದ ಗುಡ್ಡದಲ್ಲಿ ಬಾರ್ಬಿಯಾನಾ ಎಂಬ ಕುಗ್ರಾಮ. ಲೊರೆಂಜೊ ಮಿಲಾನಿ ಎಂಬ ಪಾದ್ರಿಯನ್ನು 1954ರಲ್ಲಿ ಅಲ್ಲಿಗೆ ಕಳಿಸಿದರು. ಶಾಲೆ ಬಿಟ್ಟ, ಫೇಲಾದ ರೈತರ ಮಕ್ಕಳಿಗೆ ಅವರು ಚರ್ಚಿನಲ್ಲೇ ಪಾಠ ಶುರುಮಾಡಿದರು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸಬೇಕು, ಹಿಂದೆ ಬಿದ್ದವನಿಗೆ ಅರ್ಥವಾಗುವವರೆಗೆ ಯಾರೂ ಮುಂದೆ ಹೋಗುವಂತಿಲ್ಲ. ಹೀಗಿತ್ತು ಅಲ್ಲಿಯ ಕ್ರಮ. 1967ರಲ್ಲಿ ಅಲ್ಲಿಯ ಎಂಟು ಹುಡುಗರು ಸೇರಿ ತಮ್ಮಂಥವರನ್ನು ಫೇಲ್ ಮಾಡುವ ಟೀಚರಿಗೆ ಒಂದು ಪತ್ರ ಬರೆದರು, ಅದು ಪುಸ್ತಕವಾಗಿ ಬೇರೆ ಬೇರೆ ದೇಶಗಳಲ್ಲಿ ಓದಿಸಿಕೊಂಡಿತು. ಅದಕ್ಕೆ ಹೋಲಿಸಿದರೆ ನನ್ನ ಈ ಪತ್ರ ಬಹಳ ಸೌಮ್ಯ; ಯಾವ ಟೀಚರಿಗೂ ನಾನು ಬೈದಿಲ್ಲ.

ಚರ್ಚಿನಲ್ಲಿ ಕೂತು ಬೈಬಲ್ ಬಿಟ್ಟು ಕಾಗುಣಿತ ಹೇಳಿಕೊಡುತ್ತೀರಲ್ಲ ಎಂದು ನಮ್ಮ ಚರ್ಚಿನವರೇ ಕೆಲವರು ಗೊಣಗುತ್ತೀರಿ. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ಶುರುಮಾಡಿದಾಗ ವಾರವಿಡೀ ದುಡಿಯುವ ಬಡ ಮಕ್ಕಳಿಗೆ ಮೊದಲು ಕಲಿಸಿದ್ದು ಓದುವುದನ್ನೇ. ಇನ್ನು ಬೇರೆ ಧರ್ಮದ ಮನೆಗಳವರು ಮೆಲ್ಲಗೆ ಕೇಳುವ ಪ್ರಶ್ನೆಗೆ ನೇರ ಉತ್ತರ: ಸಂಜೆ ಪಾಠದಲ್ಲಿ ಪ್ರಾರ್ಥನೆ ಇಲ್ಲ. ಜಪಮಾಲೆ ಪಕ್ಕದ ದೇವಾಲಯದಲ್ಲಿ, ಅದೂ ಬೇಕಾದವರಿಗೆ. ನಂಬಿಕೆ ಬಾರದಿದ್ದರೆ ಒಂದು ದಿನ ರಜೆ ಇದ್ದಾಗ ಹಿಂದಿನ ಬೆಂಚಿನಲ್ಲಿ ಬಂದು ಕೂತು ನೋಡಿ.

ಈಗ ಏನು ಮಾಡೋಣ? ಶಾಲೆಯಲ್ಲಿ ಹೋಮ್‌ವರ್ಕ್ ಕೇಳುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಸಂಜೆಯ ಮೊದಲ ಒಂದು ಗಂಟೆ ಓದು ಮತ್ತು ಲೆಕ್ಕ, ಆಮೇಲೆ ತಿನ್ನಲು ಸುಂಡಲ್, ಆಮೇಲೆ ಹೋಮ್‌ವರ್ಕ್. ಮುಗಿದಷ್ಟು ಮುಗಿಯಿತು, ಬ್ರಾಕೆಟ್ ಇಲ್ಲ. ಉಳಿದದ್ದಕ್ಕೆ ಡೈರಿಯಲ್ಲಿ ಸಿಸ್ಟರ್ ಚೀಟಿ ಬರೆದು ಸಹಿ ಹಾಕುತ್ತಾರೆ. ಅವರು ಕೆಲವು ಶಾಲೆಗಳಿಗೆ ಹೋಗಿ ಮಾತಾಡಿಯೂ ಬಂದರು. ಒಬ್ಬರು ಹೆಡ್‌ಮಿಸ್ ಖುಷಿಯಿಂದ ಒಪ್ಪಿದರು, ಓದಿಸುವ ಹಾಳೆಯ ಒಂದು ಜೆರಾಕ್ಸ್ ತಮಗೂ ಬೇಕೆಂದರು. ಇನ್ನೊಂದು ಶಾಲೆಯವರು ಒಪ್ಪಲಿಲ್ಲ. ಆ ಶಾಲೆಯ ಮಕ್ಕಳಿಗೆ ಮಾತ್ರ ಹೋಮ್‌ವರ್ಕ್ ಪೂರ್ತಿ ಮಾಡಿಸಿಯೇ ಕಳಿಸುತ್ತೇವೆ. ಮಕ್ಕಳ ಮೇಲೆ ಕೈ ಮಾಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ, ಆದರೆ ಬೆಳಿಗ್ಗೆ ಬೆಂಚಿನ ಮೇಲೆ ನಿಲ್ಲುವುದು ಸೆಕ್ಷನ್ ಅಲ್ಲ, ಮಗು.

ನೀವು ಮಾಡಬೇಕಾದದ್ದು ಇಷ್ಟೇ. ಮನೆಗೆ ಹೋದ ಮೇಲೆ, ಅನ್ನ ಬೇಯುವ ಹೊತ್ತಿಗೆ, ಐದು ಸಾಲು ಓದಲು ಹೇಳಿ. ನಿಮಗೆ ಕನ್ನಡ ಓದಲು ಬರಬೇಕೆಂದೇನೂ ಇಲ್ಲ. ಬೆರಳು ನೋಡಿ. ಬೆರಳೂ ಬಾಯಿಯೂ ಜೊತೆಯಲ್ಲಿ ಹೋಗುತ್ತಿದ್ದರೆ ಓದುತ್ತಿದೆ. ಬಾಯಿ ಮುಂದೆ ಓಡಿ ಬೆರಳು ಹಿಂದೆ ಉಳಿದರೆ ಮರುದಿನ ಗೇಟಿನಲ್ಲಿ ನಮಗೆ ಹೇಳಿ. ಓದುವಾಗ ನಡುವೆ ನಿಂತರೆ ಗದರಬೇಡಿ. ಹತ್ತು ಎಣಿಸುವಷ್ಟು ಕಾಯಿರಿ, ಬಹಳ ಸಲ ತಾನೇ ಬಿಡಿಸಿಕೊಳ್ಳುತ್ತದೆ. ಮತ್ತೆ, ಅಕ್ಕಪಕ್ಕದ ಮಕ್ಕಳ ಸ್ಟೇಷನ್ ಯಾವುದು ಎಂದು ವಿಚಾರಿಸಿ ಹೋಲಿಸಬೇಡಿ. ಆ ಕೆಲಸವನ್ನು ಮಕ್ಕಳೇ ಬೇಕಾದಷ್ಟು ಮಾಡುತ್ತಾರೆ.

ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಹಾಲ್‌ನಲ್ಲಿ ನಿಮಗೆಲ್ಲ ಟೀ ಇದೆ. ನೋಟ್‌ಬುಕ್ ತರುವುದು ಬೇಡ. ಮನೆಯಲ್ಲಿ ಕನ್ನಡದಲ್ಲಿ ಅಚ್ಚಾದ ಏನಾದರೂ ಒಂದು ಕಾಗದ ತನ್ನಿ: ಕರೆಂಟ್ ಬಿಲ್ಲು, ಮದುವೆ ಕಾರ್ಡು, ಸಂಘದ ಪಾಸ್‌ಬುಕ್ಕು, ಔಷಧಿ ಚೀಟಿ, ಯಾವುದಾದರೂ ಸರಿ. ನಿಮ್ಮ ಮಗು ಅದನ್ನು ನಿಮಗೆ ಓದಿ ತೋರಿಸಲಿ, ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ.

ಇಂತಿ,
ಹಾಲ್‌ನ ಅಕ್ಕಂದಿರಲ್ಲಿ ಒಬ್ಬಳು

ವಿ.ಸೂ.: ಫೆಬ್ರವರಿ ಬಂದರೆ ನಮಗೆ ಬೋರ್ಡ್ ಪರೀಕ್ಷೆ ಹತ್ತಿರ, ನಮ್ಮಲ್ಲಿ ಮೂರ್ನಾಲ್ಕು ಜನ ಬರಲಾಗುವುದಿಲ್ಲ. ಡಿಗ್ರಿ ಓದುತ್ತಿರುವವರು, ಓದು ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ ವಾರಕ್ಕೆ ಎರಡು ಸಂಜೆ ಕಳಿಸಿಕೊಡಿ. ಕಲಿಸುವುದು ಹೇಗೆಂದು ನಾವು ತೋರಿಸುತ್ತೇವೆ. ಸಿಡುಕದವರಾದರೆ ಸಾಕು.